ಹೊನ್ನುವಿನ ಕೊರಳ ಮಣಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಂಕೋಲಾ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ದೀಕ್ಷಾ, ಕಾರವಾರದ ಹುಡುಗಿ, ಕಳೆದುಹೋದ ಹಳೆ ಸಿನಿಮಾವೊಂದರ ಬೆನ್ನು ಹತ್ತಿ ಎರಡು ವರ್ಷದಿಂದ ಅಲೆಯುತ್ತಿದ್ದವಳು. ಇನ್ನೊಬ್ಬಳು ಗೌಡರ ಕೊಪ್ಪದ ಗಂಗೆ. ವಯಸ್ಸು ಎಪ್ಪತ್ತು ದಾಟಿತ್ತು, ಕೊರಳ ತುಂಬ ಕರಿಮಣಿ ಸರ. ಇನ್ಸ್‌ಪೆಕ್ಟರ್ ಕಲಾವತಿ ಕುರ್ಚಿ ತೋರಿಸಿದರೂ ಮುದುಕಿ ಕೂರಲಿಲ್ಲ.

"ಇದೇ ಠಾಣೆಯಾಗೆ ನಮ್ ಸೋಮುನ ಹೊಡ್ದ್ರು. ನಾ ಇಲ್ಲಿ ಕೂರೂದಿಲ್ಲ" ಅಂದಳು.

ಕಲಾವತಿ ಹೆಡ್ ಕಾನ್‌ಸ್ಟೆಬಲ್ ದತ್ತಾನ ಮುಖ ನೋಡಿದರು. ಇಲ್ಲಿಯ ಹಳೇ ಕತೆಗಳೆಲ್ಲ ಅವನಿಗೆ ಬಾಯಿಪಾಠ. ಅವನು ತಗ್ಗಿದ ದನಿಯಲ್ಲಿ ಹೇಳಿದ. ಸಾವಿರದ ಒಂಬೈನೂರ ಎಂಬತ್ತೇಳರ ಮಾರ್ಚಿನಲ್ಲಿ ಬೇಲೆಕೇರಿ ದಂಡೆಗೆ ಒಂದು ಹೆಣ ಬಂದು ಬಿದ್ದಿತ್ತು. ಗಂಗೆಯ ತಂಗಿ ಹೊನ್ನು, ಇಪ್ಪತ್ತೆರಡರ ಹುಡುಗಿ. ಹೇಮಾಂಗಿ ಎಂಬ ಹೆಸರಿನಲ್ಲಿ 'ಹೊಯ್ಗೆ ಮನೆ' ಎಂಬ ಒಂದೇ ಒಂದು ಸಿನಿಮಾಕ್ಕೆ ನಾಯಕಿ ಆಗಿದ್ದಳು. ಸಿನಿಮಾ ತೆರೆ ಕಾಣಲಿಲ್ಲ, ರೀಲುಗಳೂ ಕಾಣೆಯಾದವು. ಕುತ್ತಿಗೆ ಬಿಗಿದು ಕೊಂದು ನೀರಿಗೆ ಹಾಕಿದ್ದಾರೆ ಎಂದು ಡಾಕ್ಟರು ಬರೆದರು. ತಂಗಿ ಸಿನಿಮಾಕ್ಕೆ ಹೋದಳೆಂದು ಮಾನಕ್ಕಂಜಿ ಅಣ್ಣ ಸೋಮುವೇ ಕೊಂದ ಎಂದು ಪೊಲೀಸರು ಹಿಡಿದರು. ಹೊಡೆದರು, ಬಡಿದರು, ಏನೂ ಸಿಗದೆ ಬಿಟ್ಟರು. ಪತ್ತೆಯಾಗದ ಪ್ರಕರಣ ಎಂದು 'ಸಿ' ರಿಪೋರ್ಟ್ ಹಾಕಿ ಕೈತೊಳೆದುಕೊಂಡರು.

"ಪೊಲೀಸ್ರು ಬಿಟ್ರು, ಊರು ಬಿಡ್ಲಿಲ್ಲ" ಅಂದಳು ಗಂಗೆ. "ತಂಗಿ ಕೊಂದವ ಅಂದ್ಕಂಡು ಗದ್ದೆ ಕೊಯ್ಲಿಗೂ ಕರೀಲಿಲ್ಲ. ಹ್ವಾದ ವರ್ಷ ಸತ್ತ. ಹೆಣ ಎತ್ತೂಕೆ ಕೇರಿಂದ ಒಬ್ರೂ ಬರ್ಲಿಲ್ಲ."

"ಈಗ ಏನಾಯ್ತು ಅಜ್ಜಿ?"

ಉತ್ತರ ಹೇಳಿದ್ದು ದೀಕ್ಷಾ. ಭಾನುವಾರ ಕಾರವಾರದಲ್ಲಿ ಅವಳು ಆ ಸಿನಿಮಾದ ನೆನಪಿಗೆ ಸಣ್ಣ ಪ್ರದರ್ಶನ ಇಟ್ಟು, ಗಂಗೆಯನ್ನೂ ಕರೆಸಿದ್ದಳು. ಅದರ ನಾಯಕನಟ ರಾಮನಾಥ ಮಾಸ್ತರರು ಗಾಜಿನ ಪೆಟ್ಟಿಗೆಯಲ್ಲಿ ಒಂದು ಕರಿಮಣಿ ಸರ ತಂದು ಇಟ್ಟರು. ಶೂಟಿಂಗಿನ ಕೊನೆಯ ದಿನ ಹೇಮಾಂಗಿ ತನ್ನ ಕೊರಳಿಂದ ತೆಗೆದು ನೆನಪಿಗೆ ಕೊಟ್ಟಳು ಎಂದು ಮೈಕಿನ ಮುಂದೆ ಕಣ್ಣೀರು ಹಾಕಿದರು. ಸಭೆ ಚಪ್ಪಾಳೆ ತಟ್ಟಿತು.

ಗಂಗೆ ತನ್ನ ಕೊರಳ ಸರಗಳನ್ನು ಮುಷ್ಟಿಯಲ್ಲಿ ಹಿಡಿದಳು. "ಅಮ್ಮಾ, ನಮ್ಮನೆ ಹೆಂಗಸ್ರು, ಮದ್ವಿ ಆಗ್ಲಿ ಬಿಡ್ಲಿ, ಬದ್ಕಿದ್ದಾಗ ಇದ್ನ ಬಿಚ್ಚೂದಿಲ್ಲ. ಮಿಂದ್ರೂ ಮಣಿ, ಮಲ್ಗಿದ್ರೂ ಮಣಿ. ಹೆರೂವಾಗೂ ಬಿಚ್ಚೂದಿಲ್ಲ. ಇದು ಕೊರಳಿಂದ ಇಳೂದು ಹೆಣ ಮೀಸೂವಾಗ. ಹೊನ್ನು ಸಿನಿಮಾಕ್ಕೂ ಬಿಚ್ಚಲಿಲ್ಲ, ಸೆರಗಿನೊಳಗೆ ಮುಚ್ಕಣ್ತಿತ್ತು. ಅಂಥದು ಗಂಡಸ್ನ ಕೈಗೆ ನೆನಪಿಗೆ ಕೊಡ್ತದಾ?"

"ನಿಮಗೆ ಏನು ಆಗಬೇಕು?"

"ಯಾರ್ನೂ ಗಲ್ಲಿಗೆ ಹಾಕೂದು ಬ್ಯಾಡ. ಸೋಮು ಕೊಂದದ್ದಲ್ಲ ಅಂದ್ಕಂಡು ಪೊಲೀಸ್ರ ಬಾಯಲ್ಲೇ ಬರ್ಬೇಕು. ನಾ ಸಾಯೂದ್ರೊಳಗೆ."

ಕಲಾವತಿ ದೂರು ಬರೆಸಿದರು, ಓದಿ ಹೇಳಿಸಿದರು, ಗಂಗೆ ನಿಂತೇ ಹೆಬ್ಬೆಟ್ಟು ಒತ್ತಿದಳು. ರಾಮನಾಥ ಮಾಸ್ತರರನ್ನು ಕಾರವಾರದಲ್ಲಿ ಯಾರಿಗೆ ಗೊತ್ತಿಲ್ಲ? ಅವರಿಲ್ಲದ ವೇದಿಕೆ ಇಲ್ಲ. ಶಾಲೆಯಲ್ಲಿದ್ದಾಗ ಕಲಾವತಿಗೇ ಭಾಷಣದ ಬಹುಮಾನ ಕೊಟ್ಟಿದ್ದ ಕೈ ಅದು. ಆ ಕೈ ನೆನಪಾಗಿ ಅವರು ಸುಮ್ಮನೆ ಎದ್ದು ಹೋಗಿ ಕೈ ತೊಳೆದು ಬಂದರು.

ಮರುದಿನವೇ ಹಳೆ ಪ್ರಕರಣವನ್ನು ಮತ್ತೆ ತೆರೆಯಲು ನ್ಯಾಯಾಲಯದ ಅನುಮತಿ ಸಿಕ್ಕಿತು. ಹಳೆ ಸಾಕ್ಷ್ಯವಸ್ತುಗಳನ್ನು ಇಡುವ ಕೋರ್ಟಿನ ಮುದ್ದೆಮಾಲು ಕೋಣೆಗೆ ದತ್ತಾನನ್ನು ಅಟ್ಟಿದರು. ಗೆದ್ದಲು, ಇಲಿ ಹಿಕ್ಕೆ, ಧೂಳು ಎಲ್ಲ ಮೈಮೇಲೆ ಹೊತ್ತು ಸಂಜೆ ಅವನು ಅರಗಿನ ಮೊಹರು ಹಾಕಿದ ಒಂದು ಬಟ್ಟೆಗಂಟು ತಂದ. ಗಂಟಿನೊಳಗೆ ಮೃತಳ ಬಲಮುಷ್ಟಿಯಲ್ಲಿ ಸಿಕ್ಕ ನಾಲ್ಕಾರು ಕರಿಮಣಿ ಇದ್ದವು. ಒಂದು ಅರ್ಧಕ್ಕೆ ಒಡೆದಿತ್ತು.

"ಉಳಿದ ಸರ ಎಲ್ಲಿ ಹೋಯ್ತು ಅಂತ ಯಾರೂ ಕೇಳಲಿಲ್ಲವಾ?"

"ಅಣ್ಣ ಸಿಟ್ಟಿನಲ್ಲಿ ಕಿತ್ತು ಸಮುದ್ರಕ್ಕೆ ಎಸೆದ ಅಂತ ಬರೆದಿದ್ದಾರೆ ಮೇಡಮ್."

"ಬರೆದರಂತೆ! ಊಟಕ್ಕೆ ಹೊತ್ತಾಗಿತ್ತೇನೋ ಪಾಪ" ಎಂದರು ಕಲಾವತಿ. ತಾನು ತೊಟ್ಟ ಯೂನಿಫಾರ್ಮಿನ ಮೇಲೇ ಅವರಿಗೆ ಹೇಸಿಗೆ ಹುಟ್ಟಿತು.

ಬುಧವಾರ ಹನ್ನೊಂದಕ್ಕೆ ಅವರು ಶಿರವಾಡದಲ್ಲಿ ಮಾಸ್ತರರ ಮನೆ ತಲುಪಿದರು. ಇಬ್ಬರು ಪಂಚರನ್ನು ಜೀಪಿನಲ್ಲೇ ಕೂರಿಸಿದ್ದರು. ಜಗಲಿಯ ಗೋಡೆ ತುಂಬ ಮಾಸ್ತರರೇ; ರಾಜನ ವೇಷ, ಋಷಿಯ ವೇಷ, ಶಾಲು ಹೊದ್ದದ್ದು, ಹಾರ ಹಾಕಿಸಿಕೊಂಡದ್ದು. ಎಪ್ಪತ್ತರ ಹತ್ತಿರದ ಮನುಷ್ಯ, ತಲೆಗೆ ಕಪ್ಪು ಬಣ್ಣ. ಪ್ರದರ್ಶನದಿಂದ ಮರಳಿದ ಗಾಜಿನ ಪೆಟ್ಟಿಗೆ ಮೇಜಿನ ಮೇಲಿತ್ತು, ಒಳಗಿನ ಸರಕ್ಕೆ ಹಾಕಿದ ಗಂಟು ಹೊರಗಿಂದಲೇ ಕಾಣುತ್ತಿತ್ತು.

"ಬನ್ನಿ ಇನ್ಸ್‌ಪೆಕ್ಟರ್ ಬಾಯಿ. ಹೇಮಾಂಗಿ ವಿಷಯ ಅಲ್ಲವೇ? ಪಾಪದ ಹುಡುಗಿ."

"ನಿಮ್ಮ ಹೇಳಿಕೆ ವಿಡಿಯೊ ಮಾಡಿಕೊಳ್ಳಬೇಕು."

ಮಾಸ್ತರರು ಕೂದಲು ಸರಿಮಾಡಿಕೊಂಡರು. "ಬೆಳಕು ಸಾಕಾಗುತ್ತದೆಯೇ?" ಎಂದು ದತ್ತಾನನ್ನು ಕೇಳಿದರು. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

"ಸರ ಯಾವಾಗ ಕೊಟ್ಟಳು?"

"ಶೂಟಿಂಗ್ ಮುಗಿದ ದಿನ. ಅವಳು ತೀರಿಹೋಗುವುದಕ್ಕೆ ಎರಡು ತಿಂಗಳು ಮೊದಲು."

"ಅವಳು ಸತ್ತ ದಿನ ಅವಳನ್ನು ನೋಡಿದಿರಾ?"

"ಇಲ್ಲ. ನಾಟಕದ ತಾಲೀಮಿಗೆ ಸದಾಶಿವಗಡದಲ್ಲಿದ್ದೆ."

"ಸರ ಹರಿದಿದೆ. ಗಂಟು ಹಾಕಿದ್ದು ಯಾರು?"

"ನಾನೇ. ತೆಗೆಯುವಾಗ ಹುಡುಗಿ ಭಾವುಕಳಾಗಿ ಎಳೆದುಬಿಟ್ಟಳು. ಬಿದ್ದ ಮಣಿಯನ್ನೆಲ್ಲ ನಾನೇ ಆರಿಸಿಕೊಂಡೆ."

"ಅವಳ ಹತ್ತಿರ ಒಂದಾದರೂ ಉಳಿಯಿತಾ?"

"ಒಂದೂ ಇಲ್ಲ. ಎಲ್ಲ ನನಗೇ ಕೊಟ್ಟಳು" ಎಂದು ಮಾಸ್ತರರು ಕ್ಯಾಮೆರಾದತ್ತ ತಿರುಗಿ ನಿಟ್ಟುಸಿರು ಬಿಟ್ಟರು.

ಕಲಾವತಿ ಪಂಚರನ್ನು ಒಳಗೆ ಕರೆದರು. ಪೆಟ್ಟಿಗೆ ತೆಗೆಸಿ, ಪಂಚನಾಮೆ ಬರೆಸುತ್ತ ಭೂತಗನ್ನಡಿ ಹಿಡಿದರು. ಸರದ ಗಂಟಿನ ಪಕ್ಕ, ಮೇಣ ಹಚ್ಚಿದ ಹಳೆ ದಾರಕ್ಕೆ ಕಚ್ಚಿಕೊಂಡು ಅರ್ಧ ಮಣಿಯೊಂದು ಇತ್ತು. ಕೋರ್ಟಿನಿಂದ ತಂದ ಬಟ್ಟೆಗಂಟಿನ ಅರ್ಧ ಮಣಿಯನ್ನು ಅದರ ಪಕ್ಕ ಇಟ್ಟರು. ಒಡಕಿಗೆ ಒಡಕು ಕೂತಿತು.

"ಇದು ಸತ್ತವಳ ಮುಷ್ಟಿಯಲ್ಲಿತ್ತು ಮಾಸ್ತರೆ. ಎರಡು ತಿಂಗಳ ಹಿಂದೆಯೇ ಎಲ್ಲ ನಿಮಗೇ ಕೊಟ್ಟಿದ್ದರೆ ಇದು ಅವಳ ಕೈಗೆ ಹೇಗೆ ಬಂತು?"

ಮಾಸ್ತರರು ಒಂದೇ ಮಾತು ಅಂದರು: "ಆ ವಿಡಿಯೊ ನಿಲ್ಲಿಸು."

ದತ್ತಾ ನಿಲ್ಲಿಸಲಿಲ್ಲ. ಕಲಾವತಿ ಮನೆ ಶೋಧನೆಗೆ ಹೇಳಿದರು. ಅಟ್ಟದ ಬಾಗಿಲು ತೆಗೆದದ್ದೇ ಕೆಟ್ಟ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಪಂಚರಲ್ಲೊಬ್ಬ ಓಕರಿಸುತ್ತ ಕೆಳಗಿಳಿದ. ಹಳೆ ಟ್ರಂಕಿನಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬಗಳು ಇದ್ದವು. ಫಿಲ್ಮು ಬಲ್ಲವಳೆಂದು ದೀಕ್ಷಾಳನ್ನು ಕರೆಸಿದರು.

"ಫಿಲ್ಮು ಕೊಳೆತರೆ ಹೀಗೇ ನಾರುತ್ತದೆ ಮೇಡಮ್" ಎಂದವಳು ಒಂದು ಸುರುಳಿ ಬಿಚ್ಚಿ ಬೆಳಕಿಗೆ ಹಿಡಿದಳು. 'ಹೊಯ್ಗೆ ಮನೆ'ಯೇ. ಇನ್ನೊಂದು ಬಿಚ್ಚಿದಳು, ಮತ್ತೊಂದು ಬಿಚ್ಚಿದಳು, ಕೊನೆಗೆ ನೆಲದ ಮೇಲೆ ಕೂತುಬಿಟ್ಟಳು. "ಎರಡು ವರ್ಷ ಈತನ ಮನೆಯಲ್ಲೇ ಚಾ ಕುಡಿಯುತ್ತ ಸಿನಿಮಾ ಎಲ್ಲಿದೆ ಅಂತ ಕೇಳಿದ್ದೇನೆ. ಇಲ್ಲೇ ಇತ್ತು. ನೋಡಿ, ಅವಳು ಇರುವ ಕಡೆಯೆಲ್ಲ ಕತ್ತರಿಸಿದ್ದಾನೆ."

ಕಲಾವತಿ ನೋಡಿದರು. ರಾಮನಾಥ ನಗುತ್ತಿದ್ದಾನೆ, ಅಳುತ್ತಿದ್ದಾನೆ, ಕೈಚಾಚಿ ಪ್ರೀತಿಯ ಮಾತಾಡುತ್ತಿದ್ದಾನೆ. ಎದುರಿಗೆ ಯಾರೂ ಇಲ್ಲ. ರೀಲುಗಳನ್ನು ಕದ್ದದ್ದು ತಾನೇ, ಕತ್ತರಿಸಿದ ತುಂಡುಗಳು ಬಚ್ಚಲ ಒಲೆಗೆ ಹೋಗಿದ್ದವು ಎಂದು ಆಮೇಲೆ ಅವನೇ ಹೇಳಿದ. ಒಂದೇ ಒಂದು ಕಡೆ ಎರಡು ಮುಖ ತೀರ ಹತ್ತಿರ ಬಂದು ಕತ್ತರಿ ಆಡಲು ಜಾಗ ಇರಲಿಲ್ಲ. ಅಲ್ಲಿ ಹೊನ್ನು ಉಳಿದಿದ್ದಳು. ಸೆರಗಿನ ಅಂಚಿನಲ್ಲಿ ಕರಿಮಣಿ ಇಣುಕುತ್ತಿತ್ತು.

ಮಧ್ಯಾಹ್ನ ಎರಡೂಕಾಲಿಗೆ ರಾಮನಾಥನನ್ನು ದಸ್ತಗಿರಿ ಮಾಡಿದರು. ಅರ್ಧ ಮಣಿಗಳೆರಡೂ ಒಂದೇ ಮಣಿಯವು ಎಂದು ಮೂರು ವಾರದ ಮೇಲೆ ಪ್ರಯೋಗಾಲಯದ ವರದಿ ಬಂತು. ಆದರೆ ಅವನು ಅಷ್ಟು ಕಾಯಿಸಲಿಲ್ಲ. ಠಾಣೆಯಲ್ಲಿ ಒಂದು ಲೋಟ ನೀರು ಕುಡಿದು, ವಕೀಲರು ಬರುವ ಮೊದಲೇ ಬಾಯಿಬಿಟ್ಟ. ಕೇಳುವವರಿದ್ದರೆ ಅವನಿಗೆ ಅದೂ ವೇದಿಕೆಯೇ.

"ಸಿನಿಮಾ ಮುಗಿದ ಮೇಲೆ ಊರ ಜನಕ್ಕೆ ಒಂದು ಸಲ ತೋರಿಸಿದ್ದರು. ಅವಳು ಅತ್ತರೆ ಜನ ಅತ್ತರು. ನನ್ನ ದೊಡ್ಡ ಮಾತು ಬಂದಾಗ ಬೀಡಿ ಸೇದಲು ಎದ್ದು ಹೋದರು. ಹತ್ತು ವರ್ಷ ರಂಗದ ಮೇಲೆ ಬೆವರು ಸುರಿಸಿದವ ನಾನು!"

"ಅದಕ್ಕೆ ಕೊಂದೆಯಾ?"

"ಅದಕ್ಕಲ್ಲ. ದಂಡೆಯ ಮೇಲೆ ಒಬ್ಬನೇ ಕೂತಿದ್ದೆ. ಅವಳು ಬಂದು, ಮಾಸ್ತರೆ ಬ್ಯಾಸರ ಮಾಡ್ಬ್ಯಾಡಿ, ನಿಮ್ದೂ ಚಲೋ ಆಗದೆ ಅಂದಳು. ನನಗೆ ಸಮಾಧಾನ ಹೇಳಿದಳು! ಗದ್ದೆ ನಟ್ಟಿ ಮಾಡುವ ಹುಡುಗಿ, ನನಗೆ! ಸರ ಹಿಡಿದು ತಿರುಚಿದೆ."

"ಸರ ಯಾಕೆ ಇಟ್ಟುಕೊಂಡೆ?"

"ಅವಳು ಸತ್ತ ಮೇಲೆ ಜನ ಅವಳ ಬಗ್ಗೆ ಕೇಳುತ್ತ ನನ್ನ ಹತ್ತಿರ ಬರತೊಡಗಿದರು. ಒಂದು ದಿನ ತೋರಿಸಲು ಏನಾದರೂ ಇರಲಿ ಅಂತ" ಎಂದ. ಅಷ್ಟೇ. ಆ ಮಾತಿನಲ್ಲಿ ತಪ್ಪೇನಿದೆ ಎಂಬಂತೆ ಕಲಾವತಿಯ ಮುಖ ನೋಡಿದ.

ಕಲಾವತಿ ಹೇಳಿಕೆಯ ಹಾಳೆ ಮಡಚಿಟ್ಟರು. ಕಳ್ಳರನ್ನು ಕಂಡಿದ್ದರು, ಕುಡಿದು ಕಡಿದವರನ್ನು ಕಂಡಿದ್ದರು. ಅವರಿಗೆಲ್ಲ ಒಂದು ಹಸಿವೋ ಸಿಟ್ಟೋ ಇತ್ತು. ಈ ಮನುಷ್ಯ ತಾನೇ ಕೊಂದ ಹುಡುಗಿಯ ಫೋಟೋಕ್ಕೆ ವರ್ಷ ವರ್ಷ ಹಾರ ಹಾಕಿ, ತನ್ನ ಕೊರಳಿಗೆ ಹಾರ ಹಾಕಿಸಿಕೊಂಡಿದ್ದ. ಅವರು ಊಟ ಬಿಟ್ಟು ಜೀಪು ಹತ್ತಿದರು.

ಗೌಡರ ಕೊಪ್ಪದಲ್ಲಿ ಪೊಲೀಸ್ ಜೀಪು ಕಂಡು ಜನ ಅಂಗಳಕ್ಕೆ ಬಂದರು. ಪಕ್ಕದ ಮನೆಯ ಮಂಜಿ ಕೈಯಲ್ಲಿದ್ದ ಮೊರ ಬಿಟ್ಟು ಬಂದಳು. ಕಲಾವತಿ ಗಂಗೆಯ ಅಂಗಳದ ನಡುವೆ ನಿಂತು, ಕೇರಿಯ ಕೊನೆಯ ಮನೆಗೂ ಮುಟ್ಟುವಂತೆ ದನಿ ಎತ್ತಿ ಹೇಳಿದರು.

"ಹೊನ್ನುವನ್ನು ಕೊಂದದ್ದು ಸೋಮು ಗೌಡ ಅಲ್ಲ. ಕೊಂದವನನ್ನು ಇವತ್ತು ಹಿಡಿದಿದ್ದೇವೆ. ಸೋಮುವನ್ನು ಹಿಡಿದು ಹೊಡೆದದ್ದು ಪೊಲೀಸರ ತಪ್ಪು."

ಗಂಗೆ ಅಳಲಿಲ್ಲ. "ಎಂತಕೆ ಕೊಂದ?" ಎಂದು ಕೇಳಿದಳು.

ಹೇಳಲು ಕಲಾವತಿಗೇ ನಾಚಿಕೆಯಾಯಿತು. "ಸಿನಿಮಾದಲ್ಲಿ ಜನ ಅವನನ್ನು ಬಿಟ್ಟು ಹೊನ್ನುವನ್ನೇ ನೋಡಿದರಂತೆ. ಅವಳು ಸಮಾಧಾನ ಹೇಳಲು ಹೋದಳು."

"ಅಷ್ಟಕ್ಕಾ?"

"ಅಷ್ಟಕ್ಕೇ ಅಜ್ಜಿ."

ಗಂಗೆ ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ತೆಂಗಿನ ಬುಡಕ್ಕೆ ಉಗಿದಳು. "ಥೂ!" ಅಂದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಅಂಗಳದ ಸುತ್ತ ನಿಂತ ಕೇರಿಯವರ ಮುಖ ಒಂದೊಂದಾಗಿ ನೋಡಿದಳು.

"ಸೋಮುನ ಹೆಣ ಎತ್ತೂಕೆ ಒಬ್ರೂ ಬರ್ಲಿಲ್ಲ" ಅಂದಳು. "ಇದ್ನ ಕೇಳೂಕೆ ಎಲ್ರೂ ಬಂದ್ರಿ."

ಮಂಜಿ ತಲೆ ತಗ್ಗಿಸಿದಳು. ಯಾರೂ ಮನೆಗೆ ಹೋಗಲಿಲ್ಲ.