ರಾಜಸ್ಥಾನದ ಮೇಲೆ ಬಿದ್ದ ಹನಿ

ಟಪ್!

ನಾಲ್ಕನೇ ಹನಿಯೂ ನೇರವಾಗಿ ರಾಜಸ್ಥಾನದ ಮೇಲೆಯೇ ಬಿತ್ತು. ಗಿರಿಜಾಂಬಿಕಾ ಕಷ್ಟಪಟ್ಟು ಹಳದಿ ಬಳಿದಿದ್ದ ಮರುಭೂಮಿಗೆ ಅರಬ್ಬಿ ಸಮುದ್ರದ ನೀಲಿ ನುಗ್ಗಿತು. ಒಂಟೆಗಳೆಲ್ಲ ಮುಳುಗಿಹೋದವು.

"ಅಮ್ಮಾ, ಮ್ಯಾಪು ಹೋಯ್ತು! ನಾಳೆ ಮೇಷ್ಟ್ರು ಬೆಂಚ್ ಮೇಲೆ ನಿಲ್ಲಿಸ್ತಾರೆ!"

ಅಮ್ಮ ಶಾಂತಕುಮಾರಿ ಒಂದು ಬೋಸಿ ತಂದು ಹನಿಯ ಕೆಳಗಿಟ್ಟಳು. ಅದು ಏಳನೆಯದು. ಚೆಂಬು, ತಪ್ಪಲೆ, ಕೊಳಗ ಎಲ್ಲ ಆಗಲೇ ಡ್ಯೂಟಿಯಲ್ಲಿದ್ದವು. ಸಾರು ಕುದಿಸಲು ಪಾತ್ರೆಯೇ ಉಳಿದಿರಲಿಲ್ಲ.

"ಈ ಹೆಂಚಿನ ಸಹವಾಸ ಸಾಕು. ಶೀಟು ಹಾಕಿಸಿಬಿಡೋಣ ಅತ್ತೆ," ಎಂದಳು ಅಮ್ಮ.

ಅಜ್ಜಿ ಕಲ್ಲಮ್ಮ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದಳು. "ತಗಡಾ? ನಾನೇನು ಕೋಳಿಯಾ, ತಗಡಿನ ಕೆಳಗೆ ಕೂರಕ್ಕೆ? ಅಟ್ಟದಲ್ಲಿ ಮೂರು ಸಾವಿರ ಕಾಯಿ ಐತೆ. ವರ್ಷವೆಲ್ಲ ತಣ್ಣಗೆ ಮಲಗಿದ್ರೆ ತಾನೇ ಅದು ಕೊಬ್ಬರಿ ಆಗೋದು? ತಗಡಿನ ಕಾವಿಗೆ ಬೆಂದ್ರೆ ಮುಗ್ಗಲು ನಾತ ಹೊಡೀತದೆ, ಅಷ್ಟೇ."

ಗಿರಿಜಾಂಬಿಕಾಳ ವೋಟು ಶೀಟಿಗೆ. ಅವಳ ಐದನೇ ಕ್ಲಾಸಿನ ರೂಮಿಗೂ ಶೀಟೇ ಇತ್ತು. ಮಳೆ ಬಂದರೆ ಮೇಷ್ಟ್ರ ಬಾಯಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಹದಿನೇಳರ ಮಗ್ಗಿ ಬಾರದವರೆಲ್ಲ ಸುಮ್ಮನೆ ತುಟಿ ಆಡಿಸಿ ಪಾರಾಗುತ್ತಿದ್ದರು. ಮನೆಗೂ ಶೀಟು ಬಂದರೆ ಅಜ್ಜಿಯ ಬೈಗುಳಕ್ಕೂ ಅದೇ ಗತಿ!

"ಶೀಟಾದ್ರೆ ಒಳ್ಳೇ ಸೌಂಡ್ ಬರ್ತದೆ ಅಜ್ಜಿ."

"ಬೆನ್ನಿಗೆ ಎರಡು ಬುಟ್ರೂ ಸೌಂಡ್ ಬತ್ತದೆ. ಸುಮ್ಕಿರು."

ಮಾರನೆಯ ದಿನ ಮೇಷ್ಟ್ರು ಮ್ಯಾಪನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು. "ನೋಡ್ರೋ, ರಾಜಸ್ಥಾನಕ್ಕೆ ಸಮುದ್ರ ತಂದ ಮಹಾತಾಯಿ!" ಗಿರಿಜಾಂಬಿಕಾ ಬೆಂಚಿನ ಮೇಲೆ ನಿಂತಳು. ಸೋಮವಾರದೊಳಗೆ ಹೊಸ ಮ್ಯಾಪು ಬರಬೇಕು ಎಂದು ಅಪ್ಪಣೆಯಾಯಿತು. ಸೋರುವ ಮನೆಯಲ್ಲಿ ಎಲ್ಲಿ ಕೂತು ಬರೆಯುವುದು?

ಭಾನುವಾರ ಮಳೆ ಬಿಡುವು ಕೊಟ್ಟಿತ್ತು. ಅಮ್ಮ ಹೇಳಿಕಳಿಸಿದ್ದರಿಂದ ತಿಪಟೂರಿನ ಶೀಟು ಅಂಗಡಿಯ ನಿಜಾಮುದ್ದೀನ್ ಟೇಪು ಹಿಡಿದು ಬಂದ. ಮನೆಯ ಉದ್ದ ಅಳೆದ, ಅಗಲ ಅಳೆದ. ಏಣಿ ಹತ್ತಿ ಅಟ್ಟದೊಳಗೆ ತಲೆ ತೂರಿಸಿದ. ಇಳಿದವನೇ ಟೇಪು ಸುತ್ತತೊಡಗಿದ.

"ಅಕ್ಕಾ, ಮರ ಗಟ್ಟಿಯಾಗೈತೆ. ಹತ್ತು ಹನ್ನೆರಡು ಹೆಂಚು ಒಡೆದವೆ, ಅಷ್ಟೇಯ. ಒಂದ್ಸಲ ಕೈಯಾಡಿಸಿದ್ರೆ ಸಾಕು ಕಣ್ರೀ. ಕಾಯಿ ತುಂಬಿರೋ ಅಟ್ಟಕ್ಕೆ ಶೀಟು ನಾನೇ ಬ್ಯಾಡ ಅಂತೀನಿ."

"ಕೇಳಿಸ್ಕಂಡ್ಯಾ?" ಅಜ್ಜಿ ಗೆದ್ದವಳಂತೆ ಸೊಸೆಯ ಕಡೆ ತಿರುಗಿದಳು.

"ಯಾರು ಕೈಯಾಡಿಸೋದು?" ಅಮ್ಮ ಅಷ್ಟೇ ಕೇಳಿದಳು.

ಅಜ್ಜಿ ಇನ್ನೊಂದು ಎಲೆ ಮಡಿಸಿ ಬಾಯಿಗಿಟ್ಟಳು.

ಮಳೆಗಾಲಕ್ಕೆ ಮುಂಚೆ ಮನೆ ಮೇಲೆ ಹತ್ತಿ, ಕೋತಿಗಳು ಕುಣಿದು ಒಡೆದ ಹೆಂಚು ಕಿತ್ತು ಒಳ್ಳೆಯದನ್ನು ಕೂರಿಸುತ್ತಿದ್ದದ್ದು ಅಪ್ಪ. ಅಪ್ಪ ತೀರಿಕೊಂಡ ಮೇಲೆ ಇದು ಎರಡನೇ ಮಳೆಗಾಲ. ಹೆಂಚು ಹೊದಿಸುವ ಹುಚ್ಚರಂಗಯ್ಯ "ನಾಳೆ ಬತ್ತೀನಿ ಕಣವ್ವ" ಎಂದು ಹತ್ತು ತಿಂಗಳಾಗಿತ್ತು. ಅವನ ನಾಳೆ ಇನ್ನೂ ಬಂದಿರಲಿಲ್ಲ. ಅಮ್ಮನೇ ಹತ್ತೋಣವೆಂದರೆ, ಹೆಂಗಸರು ಮನೆಯ ನೆತ್ತಿ ತುಳಿಯಬಾರದು ಎಂಬುದು ಅಜ್ಜಿಯ ಕಾನೂನು.

ಅಮ್ಮ ಶೀಟು ಕೇಳಿದ್ದು ಅದಕ್ಕೇ: ಹಾಕಿಸಿದರೆ ಯಾರೂ ಹತ್ತಬೇಕಾಗಿಲ್ಲ. ಗಿರಿಜಾಂಬಿಕಾ ಅಮ್ಮನ ಮುಖ ನೋಡಿದಳು. ಅಮ್ಮ ಬೋಸಿಯ ನೀರನ್ನು ಅಂಗಳಕ್ಕೆ ಚೆಲ್ಲುತ್ತಿದ್ದಳು.

"ಅಜ್ಜಿ, ಅಟ್ಟ ಇರೋದು ಮನೆ ಒಳಗೋ, ಮನೆ ಮೇಲೋ?"

"ಒಳಗೆ ಕಣೇ, ತಲೆ ಕೆಟ್ಟೋಳೆ. ದಿನಾ ನಾನೇ ಹತ್ತಿ ಕಾಯಿ ಅಲ್ಲಾಡಿಸಿ ನೋಡಲ್ವಾ?"

"ಅಲ್ಲಿ ನಿಂತ್ರೆ ಹೆಂಚು ಕೈಗೆ ಸಿಗ್ತದೆ. ಒಳಗಿಂದ್ಲೇ ತೆಗೆದು ಕೂರಿಸಬಹುದು. ನೆತ್ತಿ ತುಳಿದಂಗೆ ಆಗಲ್ಲ."

ಅಜ್ಜಿಯ ಬಾಯಿ ತೆರೆದುಕೊಂಡಿತು. ಎಲೆಅಡಿಕೆ ಕಾಣುವಷ್ಟು ತೆರೆದುಕೊಂಡಿತು. ಆಮೇಲೆ ಏಣಿಯ ಕಡೆ ಕೈ ತೋರಿಸಿದಳು.

"ಲಾಯರ್ ಕಣಜ್ಜಿ ನಿನ್ ಮೊಮ್ಮಗಳು!" ನಿಜಾಮುದ್ದೀನ್ ನಕ್ಕ. "ನನ್ ವ್ಯಾಪಾರಕ್ಕೆ ಕಲ್ಲು ಹಾಕಿದ್ಲು." ಹೊಸ ಹೆಂಚನ್ನು ಒಳಗಿನಿಂದ ಹೇಗೆ ಓರೆಯಾಗಿ ತೂರಿಸಬೇಕೆಂದು ಕೈಯಲ್ಲೇ ತೋರಿಸಿ, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ಹೊರಟ.

ಅಮ್ಮ ಸೆರಗು ಸಿಕ್ಕಿಸಿ ಅಟ್ಟ ಹತ್ತಿದಳು. ಗಿರಿಜಾಂಬಿಕಾ ಹಿಂದೆಯೇ ಹತ್ತಿದಳು. ಒಂದೊಂದು ಹೆಜ್ಜೆಗೂ ಕಾಯಿಗಳು ಗಡಗಡ ಉರುಳಿದವು. ಮೂಲೆಯಲ್ಲಿ ಗೋಣಿಚೀಲ ಹೊದ್ದ ಒಂದು ರಾಶಿ ಇತ್ತು. ಚೀಲ ಎಳೆದರೆ ಹೊಸ ಹೆಂಚುಗಳು. ಮೇಲಿನ ಹೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಅಪ್ಪನ ಡೊಂಕು ಅಕ್ಷರ: "ಕೋತಿಗಳ ಖಾತೆಗೆ."

ಅಮ್ಮ ಫಕ್ಕನೆ ನಕ್ಕಳು. ಆ ಹೆಂಚನ್ನು ಮಾತ್ರ ಪಕ್ಕಕ್ಕಿಟ್ಟಳು.

ಮೂರು ಹೆಂಚು ಕೂತವು. ರಾಜಸ್ಥಾನದ ಮೇಲೆ ಸೋರಿದ್ದ ಜಾಗಕ್ಕೆ ಬಂದಾಗ ಅಮ್ಮ ಅಕ್ಕಪಕ್ಕದ ಎರಡು ಒಡಕು ಹೆಂಚುಗಳನ್ನು ತೆಗೆದಳು. ಬಿಸಿಲು ಧೊಪ್ಪನೆ ಒಳಗೆ ಬಿತ್ತು. ಅಮ್ಮ ಆ ಸಂದಿಯಲ್ಲಿ ತಲೆ ಹೊರಗೆ ಹಾಕಿದಳು. ಹಾಕಿದವಳು ಅಪ್ಪ ಹತ್ತಿ ಓಡಾಡುತ್ತಿದ್ದ ಹೆಂಚಿನ ಸಾಲನ್ನೇ ನೋಡುತ್ತ ನಿಂತುಬಿಟ್ಟಳು.

ಗಿರಿಜಾಂಬಿಕಾ ಎರಡೂ ಕೈಯಲ್ಲಿ ಹೊಸ ಹೆಂಚು ಹಿಡಿದು ಕಾದಳು. ತೋಳು ನೋಯತೊಡಗಿತು. "ಅಮ್ಮಾ, ಭಾರ," ಎನ್ನಲು ಬಾಯಿ ತೆರೆದವಳು ಹೆಂಚನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಳು.

"ಏನ್ರೇ ಸದ್ದೇ ಇಲ್ಲ?" ಕೆಳಗಿನಿಂದ ಅಜ್ಜಿ ಕೂಗಿದಳು. "ನಿಮ್ಮಮ್ಮನ ತಲೆ ಒಳಗೈತೋ, ಹೊರಗೈತೋ?"

"ಒಳಗೇ ಐತೆ ಅಜ್ಜಿ!" ಎಂದಳು ಗಿರಿಜಾಂಬಿಕಾ.