ಹುಲಿಗೆ ಹೇಳದ ಕಡೆಯ ಮಾತು

ಬಹಳ ಬಹಳ ಹಿಂದೆ, ಮರಕ್ಕೆ ಇನ್ನೂ ಕಿವಿಯಿದ್ದ ಕಾಲದಲ್ಲಿ, ಮಣೆಪುರವೆಂಬ ರಾಜ್ಯದ ಗಡಿಯಾಚೆಯ ಕಾಡಿನಲ್ಲಿ ಹೆಂಗಸೊಬ್ಬಳು ದಾರಿ ತಪ್ಪಿ ನಿಂತಿದ್ದಳು. ಹೆಸರು ಬಾಚಲೆ. ಒಂಬತ್ತು ರಾಜ್ಯ ಸುತ್ತಿದವಳು. ಯಾವ ಊರಿನ ಮಜ್ಜಿಗೆ ಹುಳಿ, ಯಾವ ಊರಿನ ರಾಜ ಜಿಪುಣ ಎಂದು ಬಾಯಿಪಾಠವಾಗಿ ಬಲ್ಲವಳು. ಅಂಥವಳು ಒಂದೇ ಹುಣಸೆಮರದ ಬುಡಕ್ಕೆ ಮೂರನೆಯ ಸಲ ಬಂದು ನಿಂತಿದ್ದಳು.

ಮರದಡಿ ಒಬ್ಬ ಮುದುಕಿ ಹುಣಸೆಬೀಜ ಬಿಡಿಸುತ್ತ ಕೂತಿದ್ದಳು.

“ಅಜ್ಜೀ, ಮಾಕಬ್ಬೆಯ ಮನೆಗೆ ದಾರಿ ಯಾವುದು?”

“ಮೊದಲನೆ ಸಲ ಕೇಳಿದಾಗ ನಂಟಸ್ತನ ಅಂದೆ. ಎರಡನೆ ಸಲ ವ್ಯಾಪಾರ ಅಂದೆ. ಈ ಕಾಡಿನ ದಾರಿ ಸುಳ್ಳು ಹೇಳಿದವರನ್ನ ಸುತ್ತು ಹೊಡೆಸಿ ಇಲ್ಲಿಗೇ ತಂದು ಬಿಡುತ್ತೆ ಕಣವ್ವ. ಈಗಲಾದರೂ ನಿಜ ಹೇಳು. ಯಾತಕ್ಕೆ ಹೋಗ್ತಿದ್ದೀಯ?”

ಬಾಚಲೆಯ ಕಿವಿ ಬಿಸಿಯಾಯಿತು. ನೆಲ ನೋಡಿಕೊಂಡು ಅಂದಳು, “ಅವಳ ಓಲೆಕಟ್ಟು ಕದ್ದಿದ್ದೆ.”

“ಆಹಾ, ಈಗ ಸಿಕ್ಕಿತು ನೋಡು ದಾರಿ. ನಾನೇ ಮಾಕಬ್ಬೆ.” ಮುದುಕಿ ಸೆರಗು ಕೊಡವಿ ಎದ್ದಳು. “ಗುರುತು ಸಿಗಲಿಲ್ಲ ಅಲ್ವ? ಹೇಗೆ ಸಿಗಬೇಕು! ಹನ್ನೆರಡು ವರ್ಷದ ಹಿಂದೆ ಕಲಿಯೋಕೆ ಅಂತ ಬಂದು ಮೂರು ದಿನ ನನ್ನ ಮನೇಲಿ ಮುದ್ದೆ ಉಂಡೆ. ಆಗ ನೀನು ನೋಡಿದ್ದು ನನ್ನ ಓಲೆನ, ನನ್ನ ಮುಖಾನ ಅಲ್ಲ.”

ಆ ಕಾಲದಲ್ಲಿ ಆಟ ಕಟ್ಟುವವರು ಆಣತಿಗಳನ್ನು ಓಲೆಗರಿಯ ಮೇಲೆ ಬರೆಯುತ್ತಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಿದರೆ ಮರದ ಗೊಂಬೆಗಳು ಜೀವ ತಳೆದು ಹಾಗೇ ಆಡುತ್ತಿದ್ದವು. ಮಾಕಬ್ಬೆ ಕಟ್ಟಿದ್ದು ಮಣೆಯ ಮೇಲೆ ಆಡುವ ಹುಲಿ-ಕುರಿ ಆಟ. ಕುರಿಯ ಬೆನ್ನ ಹಿಂದೆ ಜಾಗ ಖಾಲಿಯಿದ್ದರೆ ಹುಲಿ ಹಾರಿ ಅದನ್ನು ನುಂಗಬೇಕು. ಬಾಚಲೆ ಆ ಕಟ್ಟನ್ನು ಎತ್ತಿಕೊಂಡು ಓಡಿದ್ದಳು. ಊರೂರಲ್ಲಿ ಅದನ್ನು ಆಡಿಸುವಾಗ ಸಂಕವ್ವೆ ಎಂಬ ಗೆಳತಿ ಡೋಲು ಬಡಿಯುತ್ತ, “ನಮ್ಮ ಬಾಚಲೆ ಕಟ್ಟಿದ ಆಟ ಬನ್ನಿ!” ಎಂದು ಕೂಗುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದಂತೆಯೇ ಬಾಚಲೆ ಗಂಟುಮೂಟೆ ಕಟ್ಟಿಬಿಡುತ್ತಿದ್ದಳು. ಎಲ್ಲಿಯೂ ಆಟ ಮುಗಿಯುವ ತನಕ ಅವಳು ನಿಂತವಳಲ್ಲ.

ಮಣೆಪುರದ ಇರುಗರಸ ಮಾತ್ರ ಹಠ ಹಿಡಿದ. “ಕಡೆಯ ಕುರಿಯವರೆಗೂ ನೋಡಬೇಕು,” ಅಂದ. ಕಡೆಯ ಕುರಿಯೂ ಹೋಯಿತು. ಹುಲಿ ನಿಲ್ಲಲಿಲ್ಲ. ಆನೆಯಷ್ಟು ಬೆಳೆದು ಮಣೆಯಿಂದ ಇಳಿದು, ಯಾರ ಬೆನ್ನ ಹಿಂದೆ ಖಾಲಿಯಿದೆಯೋ ಅವರನ್ನು ನುಂಗತೊಡಗಿತು. “ಹೆದರಬೇಡಿ, ಕಟ್ಟಿದವಳು ನಮ್ಮ ಬಾಚಲೆ, ನಿಲ್ಲಿಸ್ತಾಳೆ!” ಎಂದು ಕೂಗುತ್ತಲೇ ಸಂಕವ್ವೆ ಡೋಲಿನ ಸಮೇತ ಒಳಗೆ ಹೋದಳು. ಬಾಚಲೆ “ನಿಲ್ಲು” ಅಂದಳು. ಹುಲಿ ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು ನಿಂತು ಮತ್ತೆ ಹೊರಟಿತು. ಮುಂದೆ ಏನು ಹೇಳಬೇಕೋ ಅವಳಿಗೆ ಗೊತ್ತಿರಲಿಲ್ಲ. ಹುಲಿಯ ಹೊಟ್ಟೆ ಸೇರಿದವರು ಒಂಬತ್ತು ದಿನದೊಳಗೆ ಹೊರಬರದಿದ್ದರೆ ಮರದ ಗೊಂಬೆಗಳಾಗುತ್ತಾರೆ. ಮೂರು ದಿನ ದಾರಿಯಲ್ಲೇ ಕಳೆದಿತ್ತು.

“ನೀವೇ ಬಂದು ನಿಲ್ಲಿಸಿ ತಾಯಿ,” ಬಾಚಲೆ ಕಾಲು ಹಿಡಿದಳು.

“ಈ ಮಂಡಿ ಇಟ್ಟುಕೊಂಡು ಮಣೆಪುರಕ್ಕಾ? ಒಂದು ತಿಂಗಳು ಬೇಕು. ಅಲ್ಲದೆ ಹುಲಿ ಕಿವಿಗೊಡೋದು ಓದಿ ಎಬ್ಬಿಸಿದವರ ಮಾತಿಗೆ. ಅರ್ಥವಾಗದ್ದನ್ನ ಓದಿದರೆ ಏನಾಗುತ್ತೆ ಅಂತ ನೋಡಿದೆಯಲ್ಲ. ಕಲಿತು ಹೋಗು. ವಾಪಸು ಹೋಗೋ ಮೂರು ದಿನ ಬಿಟ್ಟು ಇನ್ನೂ ಮೂರು ದಿನ ಇದೆ.”

“ಹಾಗಾದರೆ ಹುಲಿಯಿಂದಲೇ ಶುರು ಮಾಡೋಣ.”

“ಎಲ್ಲರೂ ಹುಲಿಯಿಂದಲೇ ಶುರು ಮಾಡ್ತಾರೆ. ಅದಕ್ಕೇ ಊರು ತುಂಬ ಅರ್ಧ ಕಟ್ಟಿದ ಹುಲಿಗಳು.” ಮಾಕಬ್ಬೆ ಬೆರಳುದ್ದದ ಮರದ ಕುರಿಯೊಂದನ್ನು ಅಂಗಳದಲ್ಲಿಟ್ಟಳು. “ಇದನ್ನ ಬೀಸುವ ಕಲ್ಲಿನ ತನಕ ನಡೆಸು.”

ಮೊದಲನೆಯ ದಿನ ಬಾಚಲೆ “ನಡೆ” ಎಂದು ಬರೆದು ಓದಿದಳು. ಕುರಿ ನಡೆಯಿತು, ಕಲ್ಲನ್ನು ದಾಟಿತು, ಬಾವಿಗೆ ಬಿತ್ತು. “ಕಲ್ಲಿನ ತನಕ ಅಂತ ನನ್ನ ಮನಸ್ಸಲ್ಲಿತ್ತು,” ಅಂದಳು. “ಮರಕ್ಕೆ ಕಿವಿ ಇದೆ ಕಣೇ, ನಿನ್ನ ಮನಸ್ಸಿನೊಳಗೆ ಕಣ್ಣಿಲ್ಲ,” ಅಂದಳು ಮುದುಕಿ. ಒಂಬತ್ತು ರಾಜ್ಯಗಳಲ್ಲಿ ಶಾಲು ಹೊದಿಸಿಕೊಂಡವಳು ಬಾವಿಗೆ ಇಳಿದು ಕುರಿ ಎತ್ತಿದಳು. ಸಂಜೆಗೆ ಬರೆದಳು: ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಮತ್ತೊಂದು. ಕುರಿ ಕಲ್ಲಿನ ಬಳಿ ನಿಂತಿತು. ಬಾಚಲೆಗೆ ಯಾವ ಅರಮನೆಯ ಚಪ್ಪಾಳೆಯೂ ಕೊಡದ ಖುಷಿಯಾಯಿತು. ಆ ಖುಷಿಯ ಬೆನ್ನಿಗೇ ನಾಚಿಕೆಯೂ ಬಂತು.

ಎರಡನೆಯ ದಿನ ಮಾಕಬ್ಬೆ ದಾರಿಯಲ್ಲೊಂದು ಒನಕೆ ಅಡ್ಡ ಇಟ್ಟಳು. “ಅಡ್ಡ ಬಂದರೆ ಬಳಸಿ ಹೋಗಬೇಕು. ಬರದಿದ್ದರೆ ನೆಟ್ಟಗೆ.” ಬಾಚಲೆ ಬರೆದಳು. ಕುರಿ ಒನಕೆಗೆ ತಲೆ ಕುಟ್ಟಿಕೊಂಡಿತು. ಹದಿನಾರು ಸಲ ಬರೆದಳು, ಹದಿನಾರು ಸಲ ಕುಟ್ಟಿಕೊಂಡಿತು.

“ಕುರಿಯದೇ ತಪ್ಪು!”

“ಹೌದೌದು, ಕುರಿಯದೇ. ತಗೋ ಈ ಮಣ್ಣಿನ ಬಾತುಕೋಳಿ. ನೀನು ಬರೆದದ್ದನ್ನ ಸಾಲುಸಾಲಾಗಿ ಇದಕ್ಕೆ ಬಿಡಿಸಿ ಹೇಳು.”

ಬಾಚಲೆ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಬಾತುಕೋಳಿಯ ಮುಂದೆ ಕೂತಳು. “ನೋಡಪ್ಪ, ಮೊದಲು ಮುಂದೆ ಹೆಜ್ಜೆ ಇಡುತ್ತೆ. ಆಮೇಲೆ ಅಡ್ಡ ಏನಾದರೂ ಇದೆಯಾ ಅಂತ...” ನಾಲಿಗೆ ಅಲ್ಲೇ ನಿಂತಿತು. ನೋಡಿ ಹೆಜ್ಜೆ ಇಡಬೇಕಾದ ಕಡೆ, ಹೆಜ್ಜೆ ಇಟ್ಟು ನೋಡು ಎಂದು ಬರೆದಿದ್ದಳು! ಎರಡು ಸಾಲು ಅದಲುಬದಲು ಮಾಡಿದಳು. ಕುರಿ ಒನಕೆಯನ್ನು ಬಳಸಿಕೊಂಡು ಹೋಯಿತು. ಬಾತುಕೋಳಿ ಏನೂ ಅನ್ನಲಿಲ್ಲ. ದೊಡ್ಡ ಮನಸ್ಸು ಅದರದ್ದು.

ಮೂರನೆಯ ದಿನ, “ಬೀಸುವ ಕಲ್ಲಿನ ಸುತ್ತ ಏಳು ಸುತ್ತು,” ಅಂದಳು ಮಾಕಬ್ಬೆ. ಬಾಚಲೆ, ‘ಸುತ್ತು, ಮತ್ತೆ ಸುತ್ತು’ ಎಂದು ಬರೆದು ಬೀಗಿದಳು. ಏಳಾಯಿತು. ಎಪ್ಪತ್ತಾಯಿತು. ಕುರಿಯ ಗೊರಸಿಗೆ ಅಂಗಳದಲ್ಲಿ ಕಾಲುವೆಯೇ ಬಿತ್ತು.

ಬಾಚಲೆ ಆ ಕಾಲುವೆಯನ್ನೇ ನೋಡುತ್ತ ಕುಸಿದು ಕೂತಳು. “ತಾಯಿ, ಕಟ್ಟಿನ ಕಡೆಯ ಓಲೆಯಲ್ಲಿ ಏನಿತ್ತು?”

“ನಿನಗೆ ಗೊತ್ತಿಲ್ಲವಾ?”

“ಅದನ್ನ ಸುಟ್ಟೆ. ಕೆಳಗಡೆ ನಿಮ್ಮ ಹೆಸರಿತ್ತು. ಮೇಲೆ ಏನಿದೆ ಅಂತ ಓದಲೇ ಇಲ್ಲ.”

ಮುದುಕಿ ಅವಳ ಎದುರಿಗೆ ಬಂದು ಕೂತಳು. “ಕಟ್ಟಿದವರು ಯಾವತ್ತೂ ನಿಲ್ಲುವ ಮಾತನ್ನ, ತಮ್ಮ ಹೆಸರನ್ನ ಒಂದೇ ಓಲೇಲಿ ಬರೀತಾರೆ. ನಡೆಸಿದವರೇ ನಿಲ್ಲಿಸಬೇಕು ಅಂತ. ಹೆಸರಿಲ್ಲದ ಕಡೆಯ ಓಲೆಗೆ ಮರ ಕಿವಿಗೊಡಲ್ಲ. ಹೋಗು, ನೀನೇ ಬರಿ. ಆದರೆ ಸುಳ್ಳು ಹೆಸರು ಬರೆದೀಯೆ ಮತ್ತೆ!”

ಅಂದು ಕುರಿಯನ್ನು ಏಳನೆಯ ಸುತ್ತಿಗೆ ನಿಲ್ಲಿಸಿಯೇ ಬಾಚಲೆ ಹೊರಟಳು. ಈ ಸಲ ಕಾಡು ಅವಳನ್ನು ಒಮ್ಮೆಯೂ ತಿರುಗಿಸಲಿಲ್ಲ.

ಒಂಬತ್ತನೆಯ ದಿನ ಮಣೆಪುರ ಸೇರಿದಳು. ಊರಿಗೆ ಊರೇ ಬೆನ್ನನ್ನು ಗೋಡೆಗೆ ಒತ್ತಿಕೊಂಡಿತ್ತು. ಸೇನಾಪತಿ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದ. ಇರುಗರಸ ಸಿಂಹಾಸನವನ್ನು ಕಂಬಕ್ಕೆ ಒರಗಿಸಿಕೊಂಡು ಕೂತಿದ್ದ.

“ಬಂದಳು, ಆಟ ಕಟ್ಟಿದ ಮಹಾತಾಯಿ!” ಅಂದ ಅರಸ. “ಬೇಗ ನಿಲ್ಲಿಸಮ್ಮ, ನಿನಗೆ ಇನ್ನೊಂದು ಶಾಲು.”

ಬಾಚಲೆ ಅರಮನೆಯ ಅಂಗಳದ ನಟ್ಟನಡುವೆ ಹೋಗಿ ನಿಂತಳು. ಅವಳ ಬೆನ್ನ ಹಿಂದೆ ಬರೀ ಖಾಲಿ. ಹುಲಿ ಮೈ ಮುದುಡಿಕೊಂಡು ಹಾರಲು ಸಿದ್ಧವಾಯಿತು. ಅವಳು ಓಲೆ ಬಿಚ್ಚಿದಳು. ಇಡೀ ಊರು ಅವಳ ಬಾಯಿಯನ್ನೇ ನೋಡುತ್ತಿತ್ತು. ಹುಲಿಗಿಂತ ಆ ನೋಟವೇ ಹೆಚ್ಚು ಸುಟ್ಟಿತು.

“ಮಣೆಯ ಮೇಲೆ ಕುರಿ ಉಳಿದಿದೆಯಾ ನೋಡು. ಉಳಿದಿದ್ದರೆ ಆಡು. ಉಳಿದಿಲ್ಲದಿದ್ದರೆ ನುಂಗಿದ್ದೆಲ್ಲ ಬಿಟ್ಟು, ಮೂಲೆಗೆ ಹೋಗಿ ಮಲಗು.” ಕೆಳಗಿದ್ದ ಹೆಸರುಗಳನ್ನೂ ಓದಿದಳು. “ಈ ಆಟ ಕಟ್ಟಿದವಳು ಮಾಕಬ್ಬೆ. ಕದ್ದವಳು ಬಾಚಲೆ.”

ಹುಲಿ ನೋಡಿತು. ಕುರಿ ಉಳಿದಿರಲಿಲ್ಲ. ಬಾಯಿ ತೆರೆಯಿತು. ನಲವತ್ತೊಂದು ಜನ ಹೊರಬಂದರು, ಅವರ ಹಿಂದೆ ಕುರಿಗಳೂ ಬಂದವು. ಹುಲಿ ಕುಗ್ಗಿ ಕುಗ್ಗಿ ಬೆರಳುದ್ದವಾಗಿ ಮಣೆಯ ಮೂಲೆಯಲ್ಲಿ ಮಲಗಿತು.

ಕಡೆಯದಾಗಿ ಬಂದವಳು ಸಂಕವ್ವೆ. ಒಳಗಿದ್ದೇ ಎಲ್ಲ ಕೇಳಿಸಿಕೊಂಡಿದ್ದಳು.

“ಹನ್ನೆರಡು ವರ್ಷ ನಿನ್ನ ಹೆಸರಿಗೆ ಡೋಲು ಬಡಿದೆನಲ್ಲೇ!” ಅಂದಳು. “ಕೈಯೆಲ್ಲ ಜಡ್ಡುಗಟ್ಟಿದೆ, ನೋಡಿಲ್ಲಿ!”

ಬಾಚಲೆ ಹೊದ್ದಿದ್ದ ಶಾಲು ತೆಗೆದು ಅರಸನ ಕಾಲಬಳಿ ಮಡಿಸಿಟ್ಟಳು. ಅಂದಿನಿಂದ ಮಣೆಪುರದ ಜನ ಬೆನ್ನಿಗೆ ಗೋಡೆಯಿಲ್ಲದೆ ನಡೆದರು, ಕುರಿಗಳು ಮಣೆಯ ಮೇಲೆ ಸುಖವಾಗಿದ್ದವು, ಹುಲಿಯೂ ಚೆನ್ನಾಗಿ ನಿದ್ದೆ ಮಾಡಿತು.

ಬಾಚಲೆ ಮಾತ್ರ ಕಾಡಿಗೆ ಹಿಂತಿರುಗಿದಳು. ನೂರು ಹೆಜ್ಜೆ ಹಿಂದೆ, ಮುಖ ಊದಿಸಿಕೊಂಡು, ಸಂಕವ್ವೆಯೂ ಬಂದಳು. ಬಾಚಲೆ ಓಲೆಕಟ್ಟನ್ನು ಕಡೆಯ ಓಲೆಯ ಸಮೇತ ಮಾಕಬ್ಬೆಯ ಕೈಗಿಟ್ಟಳು.

“ಇದು ಸರಿ,” ಅಂದಳು ಮುದುಕಿ. “ಆದರೆ ಇಲ್ಲಿ ಕಲಿಯೋಕೆ ಬಂದವರು ತಾವು ಉಣ್ಣುವ ರಾಗಿ ತಾವೇ ಬೀಸಬೇಕು. ಹನ್ನೆರಡು ವರ್ಷದ ಹಿಂದಿನ ಮೂರು ದಿನದ್ದು ಹಾಗೇ ಉಳಿದಿದೆ.”

ಬಾಚಲೆ ಕಲ್ಲಿನ ಮುಂದೆ ಕಾಲು ಚಾಚಿ ಕೂತು ಗೂಟ ಹಿಡಿದಳು. ಒಂದು ಹಿಡಿ ರಾಗಿ ಹಾಕಿದಳು, ಒಂದು ಸುತ್ತು ತಿರುಗಿಸಿದಳು. ಮೊರದಲ್ಲಿ ರಾಗಿ ಉಳಿದಿದೆಯಾ ನೋಡಿದಳು. ಉಳಿದಿತ್ತು. ಮತ್ತೆ ಬೀಸಿದಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಸಂಕವ್ವೆ ಎಷ್ಟೋ ಹೊತ್ತಿನ ಮೇಲೆ ಹತ್ತಿರ ಬಂದು ಎದುರಿಗೆ ಕೂತಳು. ಅವಳು ಗೂಟ ಮುಟ್ಟಲಿಲ್ಲ, ಬೀಸುವ ಲಯಕ್ಕೆ ಡೋಲಿನ ಅಂಚನ್ನು ಮೆಲ್ಲಗೆ ತಟ್ಟಿದಳು.

ಮೊರ ಬರಿದಾಯಿತು. ಬಾಚಲೆ ಎರಡು ಸಲ ನೋಡಿ, ಕಲ್ಲು ನಿಲ್ಲಿಸಿದಳು.