ಗರಗಸ ಮೀನೂ ಹಲ್ಲು ಸಾಹೇಬರೂ

ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚನ್ನು ಸಿಕ್ಕಿಸಿಕೊಂಡು, ಬಾಯಲ್ಲಿ ದಾರ ಕಚ್ಚಿಕೊಂಡು, ಅವಳು ಹನ್ನೊಂದನೇ ಕಣ್ಣು ಹೆಣೆಯುತ್ತಿದ್ದಾಗ ಹೊಸ್ತಿಲಲ್ಲಿ ಮತ್ತೆ ಆ ಚಪ್ಪಲಿ ಸದ್ದಾಯಿತು. ತಲೆ ಎತ್ತಿ ನೋಡಬೇಕಾಗಿರಲಿಲ್ಲ. ಒಳಗೆ ಬರುವ ಮುಂಚೆ ಮೂರು ಸಲ ಕಾಲೊರೆಸಿಕೊಳ್ಳುವ ಗಂಡಸು ಆ ದೋಣಿದಡಕ್ಕೆಲ್ಲ ಒಬ್ಬನೇ.

"ಹಲ್ಲು ಎಣಿಸಬೇಕಿತ್ತು," ಎಂದ.

"ಮತ್ತೆನಾ?"

"ಹೋದ ವಾರದ್ದು ತಾಳೆ ಆಗ್ತಿಲ್ಲ."

ಒಲೆಯ ಮುಂದಿನಿಂದ ಅತ್ತಿಗೆಯ ದನಿ ಬಂತು. "ಬಂದ್ರಾ ಹಲ್ಲು ಸಾಹೇಬ್ರು? ಆ ಗೋಡೆ ಮೇಲಿನ ಗರಗಸಕ್ಕೆ ವಾರಕ್ಕೊಂದು ಹೊಸ ಹಲ್ಲು ಮೂಡ್ತಿರಬೇಕು ಬಿಡಿ!"

ಹೆಸರು ಬಿದ್ದದ್ದು ಮೊದಲ ದಿನವೇ. ಅವನು ಅಳಿವೆಯ ಪಕ್ಕದ ಸಂಶೋಧನಾ ಕೇಂದ್ರದವನು. ನದಿ ಶಾರ್ಕು, ಗರಗಸ ಮೀನು, ಹೀಗೆ ಕಣ್ಮರೆಯಾಗುತ್ತಿರುವ ಜೀವಗಳನ್ನು ಹುಡುಕುವುದು ಅವನ ಕೆಲಸ. ಅಜ್ಜಂದಿರ ಕಾಲದಲ್ಲಿ ದೋಣಿಯಷ್ಟುದ್ದದ ಗರಗಸ ಮೀನು ಸಿಗುತ್ತಿತ್ತಂತೆ. ಅದರ ಹಲ್ಲುಹಲ್ಲಿನ ಮೂತಿಯನ್ನು ಕೊಯ್ದು ಗೋಡೆಗೆ ತೂಗುಹಾಕುತ್ತಿದ್ದರು. ಆ ಹಲ್ಲು ಎಣಿಸಿದರೆ ಯಾವ ಜಾತಿಯದೆಂದು ತಿಳಿಯುತ್ತದೆ. ಅವನು ಬಾಗಿಲಲ್ಲಿ ನಿಂತು "ನಿಮ್ಮನೇಲಿ ಹಲ್ಲು ಎಣಿಸೋಕೆ ಬಂದಿದೀನಿ" ಎಂದಾಗ, ವಾರದಿಂದ ದವಡೆ ಹಿಡಿದುಕೊಂಡು ನರಳುತ್ತಿದ್ದ ಅತ್ತಿಗೆ ಸರ್ಕಾರಕ್ಕೆ ಕೊನೆಗೂ ಕರುಣೆ ಬಂತೆಂದು ಬಾಯಿ ತೆರೆದು ಕೂತುಬಿಟ್ಟಿದ್ದಳು.

ಇವತ್ತೂ ಅವನು ಮೂಲೆಯ ಬಲೆರಾಶಿಯ ಮೇಲೆ ಕೂತು, ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ಶುರುಮಾಡಿದ. "ಹದಿನಾರು... ಹದಿನೇಳು..."

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಹಣೆಯ ಮೇಲಿನ ಕೂದಲನ್ನು ಮೊಣಕೈಯಿಂದ ಸರಿಸಿದಳು. ಕಣ್ಣು ಮಾತ್ರ ಬಲೆಯ ಮೇಲೆಯೇ.

"...ಹದಿನೇಳು."

"ಹದಿನೇಳು ಆಗಿತ್ತು."

"ಹೌದಾ?"

"ಎರಡು ಸಲ ಆಯ್ತು."

ಅವನು ತಬ್ಬಿಬ್ಬಾಗಿ ಬಗ್ಗಿದ. ಜೇಬಿನಿಂದ ಕಾಗದವೊಂದು ಜಾರಿ ಅವಳ ಪಾದದ ಮೇಲೆ ಬಿತ್ತು. ಬೆವರಿಗೆ ಮೆತ್ತಗಾಗಿ, ಮಡಿಕೆಯಲ್ಲಿ ಹರಿದಿದ್ದ ಕಾಗದ. ತಾರೀಖನ್ನು ಐದು ಸಲ ಹೊಡೆದು ಐದು ಸಲ ತಿದ್ದಿದ್ದ. ಕೆಳಗೆ ಒಂದೇ ಸಾಲು: 'ಈ ನದಿಯಲ್ಲಿ ಗರಗಸ ಮೀನು ಉಳಿದಿಲ್ಲ, ಕೇಂದ್ರವನ್ನು ಮುಚ್ಚಬಹುದು.'

"ಎರಡು ವರ್ಷ ಹುಡುಕಿದೆ," ಎಂದ ಅವನು, ಸಣ್ಣ ದನಿಯಲ್ಲಿ. "ಜೀವ ಇರೋದು ಒಂದೂ ಸಿಗಲಿಲ್ಲ."

"ಮತ್ತೆ ಇದನ್ನ ಯಾಕೆ ಕಳಿಸಿಲ್ಲ?"

"ಕಳಿಸಿದ ಮಾರನೇ ದಿನ ನನಗೆ ಎತ್ತಂಗಡಿ. ಆಮೇಲೆ..." ಅವನು ಗೋಡೆ ನೋಡಿದ, ಅವಳನ್ನು ನೋಡಿದ, ಮತ್ತೆ ಗೋಡೆ ನೋಡಿದ. "ಈ ಗರಗಸ ಬಿಟ್ಟು ಹೋಗಬೇಕಲ್ಲ."

"ಗರಗಸಾನಾ?"

"ಗೋಡೇನೂ." ಅವನ ಕಿವಿ ಕೆಂಪಗಾಯಿತು. "ಸೋಮವಾರ ಕಳಿಸಲೇಬೇಕು. ಮೇಲಿನೋರು ಮೂರನೇ ಸಲ ಕೇಳಿದಾರೆ."

ಅವನು ಹೋದ ಮೇಲೆ ಮನೆ ಬರಿದಾದಂತಾಯಿತು. ಅವಳು ಬಲೆಯನ್ನು ಮಡಿಲಿಗೆ ಎಳೆದುಕೊಂಡಳು, ಬೆರಳು ಓಡಲಿಲ್ಲ. ಸುಮ್ಮನೆ ತೂತನ್ನು ನೋಡುತ್ತ ಕೂತಳು. ನೋಡುತ್ತ ನೋಡುತ್ತ ಬೆನ್ನು ನೆಟ್ಟಗಾಯಿತು.

ಮರದ ದಿಮ್ಮಿ ಸಿಕ್ಕಿ ಹರಿಯಿತೆಂದು ಅಣ್ಣ ಹೇಳಿದ್ದ. ದಿಮ್ಮಿಗೆ ಸಿಕ್ಕಿ ಹರಿದರೆ ದಾರದ ತುದಿ ಎಳೆಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಇಲ್ಲಿ ಪ್ರತಿ ತುದಿಯೂ ಒಂದೇ ಸಮ. ಚಾಕುವಿನಲ್ಲಿ ಕಿಟಕಿ ತೆಗೆದ ಹಾಗಿತ್ತು. ಎದ್ದು ರಾಶಿ ಕೆದಕಿದಳು. ಅಂಥವು ಇನ್ನೆರಡು!

ತನ್ನ ಬಲೆಯನ್ನು ತಾನೇ ಕೊಯ್ಯುವ ಬೆಸ್ತನುಂಟೆ? 'ಮೂತಿ ಸಿಕ್ಕಿಕೊಂಡರೆ ಮುರಿಯಬೇಡಿ, ಬಲೆ ಕೊಯ್ದು ನೀರಲ್ಲೇ ಬಿಡಿ' ಎಂದು ಸಾಹೇಬ ದಡದಲ್ಲಿ ಭಾಷಣ ಮಾಡಿದ ದಿನ ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣ.

ಅಯ್ಯೋ ದೇವರೇ, ಬದುಕಿರುವ ಮೀನಿನ ಗುರುತಿನ ಮೇಲೆಯೇ ಕೂತು ಈ ಮಹಾನುಭಾವ ಸತ್ತ ಮೀನಿನ ಹಲ್ಲು ಎಣಿಸುತ್ತಿದ್ದ! ಅವಳಿಗೆ ನಗು ಉಕ್ಕಿತು. ಮರುಕ್ಷಣ ಇಳಿಯಿತು. ಅಣ್ಣ ಮುಚ್ಚಿಟ್ಟಿದ್ದರೆ ಕಾರಣವಿಲ್ಲದೆ ಇರದು. ಹೇಳಿದರೆ ಒಡಹುಟ್ಟಿದವನಿಗೆ ದ್ರೋಹ. ಬಾಯಿ ಮುಚ್ಚಿಕೊಂಡರೆ ಸೋಮವಾರ.

ಮಧ್ಯಾಹ್ನ ಅಣ್ಣ ತಟ್ಟೆಗೆ ಕೈ ಹಾಕಿದಾಗ ಮೆಲ್ಲಗೆ ಕೇಳಿದಳು. "ಅಣ್ಣಾ, ಆ ದಿಮ್ಮಿಗೆ ಹಲ್ಲಿತ್ತಾ?"

ಅಣ್ಣನಿಗೆ ನೆತ್ತಿಗೆ ಹತ್ತಿತು. ಅತ್ತಿಗೆ ತಲೆ ತಟ್ಟಿದಳು, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

"ಮರಿಗಳು ಕಣೇ," ಎಂದ ಕೊನೆಗೆ. "ಎರಡು ಮೊಳ ಇಲ್ಲ, ಮೂತೀಲಿ ಮಾತ್ರ ದೊಡ್ಡ ಬಡಗಿ! ಮುರಿಯೋಕೆ ಕೈ ಬರಲಿಲ್ಲ. ಆದ್ರೆ ಹೇಳಿದ್ರೆ ನದಿಗೇ ಬೀಗ ಜಡೀತಾರೆ. ಮೂವತ್ತು ದೋಣಿಯೋರು ಎಲ್ಲಿಗೆ ಹೋಗೋದು?"

"ಹೇಳದಿದ್ರೆ ಹೋಗೇ ಬಿಡ್ತಾರಲ್ಲ ಅಣ್ಣಾ!"

ಮಾತು ಬಾಯಿಂದ ಬಿದ್ದಾಗಿತ್ತು. ಹೆಕ್ಕಿಕೊಳ್ಳುವ ಹಾಗಿರಲಿಲ್ಲ.

"ಯಾರು, ಮರಿಗಳಾ?" ಎಂದಳು ಅತ್ತಿಗೆ, ನಗುವನ್ನು ಮುಖದಲ್ಲಿ ತೋರಗೊಡದೆ.

ಅಣ್ಣ ತಂಗಿಯನ್ನು ದಿಟ್ಟಿಸಿದ. "ನಾಳೆ ಅವರನ್ನ ಬರೋಕೆ ಹೇಳ..."

'ಬೇಕು' ಎನ್ನುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು.

ಮರುದಿನ ಅಣ್ಣ ಫೋನ್ ತೆಗೆದು ವಿಡಿಯೋ ತೋರಿಸಿದ. ಮೊದಲಿಗೆ ಬರೀ ಅವನ ಹೆಬ್ಬೆರಳು. ಆಮೇಲೆ ಹೆಂಡತಿಯ ತಮ್ಮನಿಗೆ, ದೋಣಿ ನೆಟ್ಟಗೆ ಹಿಡಿಯೋ ಎಂದು ಮಂತ್ರಪುಷ್ಪ. ಅದರ ನಡುವೆ, ಹಸಿರು ನೀರಿನಲ್ಲಿ, ಪುಟ್ಟ ಗರಗಸವೊಂದು ಎಡಕ್ಕೆ ಬಲಕ್ಕೆ ತಲೆಯಾಡಿಸಿ ಮಾಯವಾಯಿತು.

ಸಾಹೇಬ ಏಳು ಸಲ ನೋಡಿದ. ಎಂಟನೇ ಸಲಕ್ಕೆ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಿದ್ದು ಕನ್ನಡಕವನ್ನಲ್ಲ.

"ಮರಿಗಳು ಇರೋದು ಪಕ್ಕದ ಕವಲಲ್ಲಿ," ಎಂದ ಅಣ್ಣ. "ಮರಿ ಹಾಕೋ ತಿಂಗಳಲ್ಲಿ ಅಲ್ಲಿ ನಾವಾಗೇ ಬಲೆ ಇಳಿಸಲ್ಲ. ಆದ್ರೆ ದೊಡ್ಡ ಹೊಳೆಗೆ ಸರ್ಕಾರ ಬೀಗ ಹಾಕಬಾರದು. ಹಾಗಂತ ಮಾತು ಕೊಡ್ತೀರಾ?"

ಅವಳು ಮನಸ್ಸಲ್ಲೇ ಬೇಡಿಕೊಂಡಳು. ಹೂಂ ಅಂದುಬಿಡಿ ಸಾಹೇಬ್ರೇ, ಒಂದು ಹೂಂ ಅಷ್ಟೇ.

"ಕೊಡೋಕಾಗಲ್ಲ," ಎಂದ ಅವನು. "ನೀವು ಹೇಳಿದ್ದನ್ನ ಹಾಗೇ ಬರೀತೀನಿ, ಒಪ್ಪಲೇಬೇಕು ಅಂತ ಜಗಳಾನೂ ಆಡ್ತೀನಿ. ಆದ್ರೆ ಮೇಲಿನೋರ ಮಾತು ನನ್ನ ಕೈಲಿಲ್ಲ. ನೀವು ಬೇಡ ಅಂದ್ರೆ ಆ ವಿಡಿಯೋ ಕಳಿಸಲ್ಲ. ಆದ್ರೆ ಹಳೇ ಕಾಗದಾನೂ ಕಳಿಸಲ್ಲ, ಅದೀಗ ಸುಳ್ಳಾಯ್ತು. ರಾಜೀನಾಮೆ ಕಳಿಸ್ತೀನಿ."

ಅಣ್ಣ ಬಹಳ ಹೊತ್ತು ಗಡ್ಡ ಕೆರೆದುಕೊಂಡ.

"ಸುಳ್ಳು ಮಾತು ಕೊಟ್ಟಿದ್ರೆ ನಿಮ್ಮನ್ನ ಮನೆಯಿಂದ ಹೊರಗೆ ಅಟ್ತಿದ್ದೆ," ಎಂದ. "ಕೊಡೋಕಾಗಲ್ಲ ಅಂದ್ರಲ್ಲ, ಬರೀರಿ."

ಮರಿ ಹಾಕುವ ತಿಂಗಳಲ್ಲಿ ಆ ಕವಲಿಗೆ ಬಲೆ ಇಳಿಸುವುದಿಲ್ಲವೆಂಬ ಒಪ್ಪಿಗೆಗೆ ಸೋಮವಾರದೊಳಗೆ ಮೂವತ್ತು ದೋಣಿಯವರೂ ಸಹಿ ಹಾಕಿದರು. ಎರಡು ಮೂರು ಮಂದಿ ಬೈದುಕೊಂಡೇ ಹಾಕಿದರು. ಸಹಿ ಮೊಹರಿನ ಕಾಗದವೇ ಬೇಕೆನ್ನುವ ಕಚೇರಿಗಾಗಿ ದಪ್ಪ ಲಕೋಟೆ ಸಿದ್ಧವಾಯಿತು. ಅಂಚೆ ಡಬ್ಬಿಯವರೆಗೆ ಅವಳೂ ಜೊತೆಗೆ ಬಂದಳು. ದಾರ ಮುಗಿದಿದೆ, ತರಬೇಕು ಎಂದು ಅತ್ತಿಗೆಗೆ ಹೇಳಿ ಬಂದಿದ್ದಳು. ಮನೆಯಲ್ಲಿ ನಾಲ್ಕು ಉಂಡೆ ದಾರವಿತ್ತು.

ಅವನು ಲಕೋಟೆಯನ್ನು ಡಬ್ಬಿಯ ಬಾಯಿಗೆ ತೂರಿಸಿದ. ಕೈ ಮಾತ್ರ ಬಿಡಲಿಲ್ಲ.

"ಇದು ಹೋದ್ರೆ ನಿಮ್ಮನೆಗೆ ಬರೋಕೆ ನೆಪ ಇರಲ್ಲ."

"ಗೋಡೆ ಇದೆಯಲ್ಲ."

"ಗೋಡೇನ ನಾನು ಯಾವತ್ತು ನೋಡಿದೀನಿ?" ಎಂದುಬಿಟ್ಟ ಅವನು. "ನಿಮ್ಮನ್ನೇ ನೋಡ್ತಿದ್ದೆ. ಎಣಿಕೆ ತಪ್ಪದೆ ಇನ್ನೇನಾಗುತ್ತೆ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನೀವು ಬರೋ ದಿನ ನಾನು ಒಂದು ಗಂಟು ಹಾಕಿ ಎರಡು ಬಿಚ್ಚುತ್ತಿದ್ದೆ. ಅಣ್ಣನ ಬಲೆ ಮೂರು ವಾರದಿಂದ ನೀರು ಕಂಡಿಲ್ಲ."

ಅವನ ಮುಖ ಅರಳಿತು, ಮತ್ತೆ ಬಾಡಿತು. "ಆದ್ರೂ ನನ್ನನ್ನ ಬೇರೆ ಕಡೆ ಹಾಕಿದ್ರೆ?"

"ಅಲ್ಲೂ ನದಿ ಇರುತ್ತಲ್ಲ? ನದಿ ಇದ್ದ ಕಡೆ ಬಲೆ, ಬಲೆ ಇದ್ದ ಕಡೆ ತೂತು. ನನಗೇನು ಕೆಲಸಕ್ಕೆ ಬರವೇ?"

ಅವನ ಕೈ ಇನ್ನೂ ಡಬ್ಬಿಯ ಬಾಯಲ್ಲೇ ಇತ್ತು. ಹಿಂದೆ ಕಾದಿದ್ದ ಹೆಂಗಸೊಬ್ಬಳು ರೇಗಿದಳು. "ಏನಪ್ಪಾ, ಡಬ್ಬಿಯೊಳಗೆ ಕೈ ಸಿಕ್ಕೊಂಡಿದೆಯಾ?"

ಅವಳು ಅವನ ಕೈ ಮೇಲೆ ತನ್ನ ಕೈಯಿಟ್ಟು, ಒಂದೊಂದೇ ಬೆರಳು ಬಿಡಿಸಿದಳು. ಲಕೋಟೆ ಜಾರಿ ಒಳಗೆ ಧೊಪ್ಪನೆ ಬಿತ್ತು.